ಟರ್ನರ್ ಚಿತ್ರದ ಬಲಮೂಲೆ ನೋಡಿದಿರಾ?

ಇಂಗ್ಲಿಷ್ ಚಿತ್ರಕಾರ ಟರ್ನರ್ 1840ರಲ್ಲಿ ಪ್ರದರ್ಶನಕ್ಕಿಟ್ಟ ‘ಗುಲಾಮರ ಹಡಗು’ ಚಿತ್ರದ ಆಕಾಶದ ಬಗ್ಗೆ ನಿಮ್ಮ ಲೇಖನದಲ್ಲಿ ಸೊಗಸಾಗಿ ಬರೆದಿದ್ದೀರಿ. ಆದರೆ ಕೆಳಗಿನ ಬಲಮೂಲೆಯನ್ನು ಬಿಟ್ಟೇಬಿಟ್ಟಿರಲ್ಲ! ಅಲ್ಲಿ ನೀರಿನಿಂದ ಒಂದು ಕಾಲು ಮೇಲೆದ್ದಿದೆ, ಅದಕ್ಕೆ ಬೇಡಿ. ಸುತ್ತ ಮೀನುಗಳು ಮುತ್ತಿಕೊಂಡಿವೆ. ಮೊದಲ ಸಲ ನಾನೂ ಸುಮ್ನೆ ಸೂರ್ಯಾಸ್ತ ಅಂತಲೇ ನೋಡಿದ್ದೆ. ಕಾಲು ಕಂಡ ಮೇಲೆ ಆ ಕೆಂಪು ಬೇರೆಯೇ ಆಯಿತು. ಚಿತ್ರದಲ್ಲಿರುವ ಕಬ್ಬಿಣದ ಸರಪಳಿ ನೀರಿನ ಮೇಲೆ ಹೇಗೆ ತೇಲುತ್ತೆ ಅಂತ ಕೆಲವರು ನಗುತ್ತಾರೆ. ಟರ್ನರ್‌ಗೆ ಅದು ಗೊತ್ತಿರಲಿಲ್ವಾ? ಮುಳುಗಲು ಬಿಡಲಿಲ್ಲ, ಅಷ್ಟೇ.

ಚಿತ್ರದ ಹಿಂದೆ 1781ರಲ್ಲಿ ಗುಲಾಮರನ್ನು ಸಾಗಿಸುತ್ತಿದ್ದ ಜಾಂಗ್ ಎಂಬ ಹಡಗಿನ ಘಟನೆ ಇದೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಹಡಗಿನ ಸಿಬ್ಬಂದಿ ಸುಮಾರು 130 ಆಫ್ರಿಕನ್ನರನ್ನು ಜೀವಂತ ಸಮುದ್ರಕ್ಕೆ ಎಸೆದರು. ಆಮೇಲೆ ಮಾಲೀಕರು ತಲೆಗೆ 30 ಪೌಂಡ್ ಲೆಕ್ಕದಲ್ಲಿ ವಿಮೆ ಹಣ ಕೇಳಿದರು. ಕಾಯಿಲೆಯಿಂದ ಸತ್ತರೆ ವಿಮೆ ಇಲ್ಲ, ಹಡಗು ಉಳಿಸಲು ‘ಸರಕು’ ಎಸೆದರೆ ಇದೆ! ಕೋರ್ಟಿಗೆ ಹೋಗಿದ್ದು ಕೊಲೆ ಕೇಸಲ್ಲ, ವಿಮೆ ಕೇಸು.

ಒಂದು ಕಾಲದಲ್ಲಿ ಈ ಚಿತ್ರ ವಿಮರ್ಶಕ ರಸ್ಕಿನ್ ಬಳಿ ಇತ್ತು. ಅವನೂ ಅಲೆಗಳನ್ನು ಬಾಯ್ತುಂಬ ಹೊಗಳಿ, ಗುಲಾಮರ ಮಾತನ್ನು ಒಂದು ಅಡಿಟಿಪ್ಪಣಿಯಲ್ಲಿ ಮುಗಿಸಿದ. ನಿಮ್ಮ ಲೇಖನದಲ್ಲಿ ಆ ಅಡಿಟಿಪ್ಪಣಿಯೂ ಇಲ್ಲ ಅಲ್ವಾ?