ಜಾಸ್ತಿ ಅರ್ಥ ಇರುವುದು ‘ಸೆಟ್’ಗಲ್ಲ, ‘ರನ್’ಗೆ

‘ಇಂಗ್ಲಿಷ್‌ನಲ್ಲಿ ಅತಿ ಹೆಚ್ಚು ಅರ್ಥ ಇರುವ ಪದ ಸೆಟ್, ಒಟ್ಟು 430’ ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಹಳೇ ಲೆಕ್ಕ. 1989ರ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯಲ್ಲಿ ಸೆಟ್ ಕ್ರಿಯಾಪದಕ್ಕೆ 430 ಅರ್ಥ ಇದ್ದದ್ದು ನಿಜ. ಆಮೇಲೆ ಅವರು ‘ರನ್’ ಪದವನ್ನು ಪರಿಷ್ಕರಿಸಿದರು. ಸಂಪಾದಕ ಪೀಟರ್ ಗಿಲ್ಲಿವರ್ 2011ರಲ್ಲಿ ಕೊಟ್ಟ ಲೆಕ್ಕ 645. ಅದೂ ಬರೀ ಕ್ರಿಯಾಪದಕ್ಕೆ. ನಮ್ಮ ಕ್ರಿಕೆಟ್ ಸ್ಕೋರಿನ ರನ್ ನಾಮಪದ, ಅದು ಇದರಲ್ಲಿ ಸೇರೇ ಇಲ್ಲ!

ಮೂಗು ಸೋರಿದರೂ ರನ್, ಒಗೆದಾಗ ಬಟ್ಟೆ ಬಣ್ಣ ಬಿಟ್ಟರೂ ರನ್, ಅಂಗಡಿ ನಡೆಸಿದರೂ ರನ್. ಚುನಾವಣೆಗೆ ನಾವು ನಿಲ್ಲುತ್ತೇವೆ, ಅಮೆರಿಕದವರು ‘ರನ್’ ಮಾಡುತ್ತಾರೆ, ತಮಾಷೆ ಅಲ್ವಾ?

ದಯವಿಟ್ಟು ಆ 430ರ ಮೆಸೇಜ್ ಇನ್ನು ಫಾರ್ವರ್ಡ್ ಮಾಡಬೇಡಿ. ಗ್ರೂಪಿನಲ್ಲಿ ಕಂಡರೆ ಸರಿಯಾದ ಲೆಕ್ಕ ತಿಳಿಸಿ.