ಬಿದ್ದು ಎದ್ದ ಪಿಯರ್, ನಮ್ಮ ಲ್ಯಾನ್ಸ್‌ಡೌನ್ ಕಟ್ಟಡ

ಮಗಳು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಓದುತ್ತಿದ್ದಾಳೆ. ಹೋದ ವರ್ಷ ಅವಳನ್ನು ನೋಡಲು ಹೋಗಿದ್ದೆ. "ನಿಮಗೆ ಹಳೇ ಕಟ್ಟಡ ಅಂದ್ರೆ ಪ್ರಾಣ ಅಲ್ವಾ ಅಪ್ಪ, ಬನ್ನಿ" ಅಂತ ಹತ್ತಿರದ ಕ್ಲೀವ್‌ಡನ್ ಊರಿಗೆ ಕರೆದುಕೊಂಡು ಹೋದಳು. ಅವತ್ತು ನೋಡಿದ್ದು ಇನ್ನೂ ತಲೆಯಿಂದ ಇಳಿದಿಲ್ಲ.

ಪಿಯರ್ ಅಂದ್ರೆ ದಡದಲ್ಲಿ ಶುರುವಾಗಿ ನೀರಿನಲ್ಲೇ ಮುಗಿಯುವ ಸೇತುವೆ. ಆಚೆ ದಡವೇ ಇಲ್ಲ. ತುದಿಗೆ ಹಡಗು ಬರುತ್ತದೆ, ಜನ ಹತ್ತುತ್ತಾರೆ. ಕ್ಲೀವ್‌ಡನ್‌ನ ಪಿಯರನ್ನು ತೆರೆದದ್ದು 1869ರಲ್ಲಿ. ಅಲ್ಲಿ ಉಬ್ಬರಕ್ಕೂ ಇಳಿತಕ್ಕೂ ಸುಮಾರು 14 ಮೀಟರ್ ವ್ಯತ್ಯಾಸ. ನಾಲ್ಕು ಮಹಡಿ ಎತ್ತರದಷ್ಟು ನೀರು ದಿನಕ್ಕೆರಡು ಸಲ ಏರಿ ಇಳಿಯುತ್ತದೆ! ನೀರಿನ ಬಣ್ಣವೋ, ಮಳೆಗಾಲದ ನಮ್ಮ ಕಾವೇರಿಯದ್ದೇ.

ನಾವು ಹೋದಾಗ ನೀರು ಇಳಿದಿತ್ತು. ಪಿಯರಿನ ಕಾಲುಗಳನ್ನು ಕೆಳಗಿನಿಂದ ನೋಡಿದೆ. ಕೊಕ್ಕರೆ ಬೆಳ್ಳೂರಿನ ಕೊಕ್ಕರೆಗಳ ಕಾಲು ನೆನಪಾಯಿತು. ಅಷ್ಟು ಎತ್ತರ, ಅಷ್ಟು ಸಣ್ಣ. ಒಂದು ಕಾಲಿಗೂ ಇನ್ನೊಂದಕ್ಕೂ ನಡುವೆ 100 ಅಡಿ, ಮೇಲೆ ತೆಳ್ಳಗಿನ ಕಮಾನು. ಆ ಕಾಲುಗಳು ಏನು ಗೊತ್ತಾ? ರೈಲು ಕಂಬಿ! ಬಾರ್ಲೋ ಅನ್ನುವ ಎಂಜಿನಿಯರ್ ಸ್ಲೀಪರ್ (ಕಂಬಿಯ ಕೆಳಗಿನ ಅಡ್ಡ ದಿಮ್ಮಿ) ಇಲ್ಲದೆ ನೇರವಾಗಿ ಜಲ್ಲಿ ಮೇಲೆ ಕೂರಲಿ ಅಂತ ಮಾಡಿದ ಅಗಲ ಬುಡದ ಕಂಬಿ. ರೈಲಿಗೆ ಅದು ಸರಿಹೋಗಲಿಲ್ಲ. ಬ್ರೂನೆಲ್ ಅನ್ನುವ ಇನ್ನೊಬ್ಬ ಎಂಜಿನಿಯರ್ ಕಟ್ಟಿದ ಸೌತ್ ವೇಲ್ಸ್ ರೈಲು ದಾರಿಯಲ್ಲಿ ಹಾಕಿದ್ದ ಆ ಕಂಬಿಗಳನ್ನೇ ತಂದು, ಜೋಡಿಸಿ, ರಿವೆಟ್ ಹೊಡೆದು ಕಾಲು ಮಾಡಿದರು. ಕಾಲು ಸಣ್ಣದಾದ್ದರಿಂದ ಅಲೆಗೆ ಅಡ್ಡ ನಿಲ್ಲುವುದಿಲ್ಲ. ನೀರು ತನ್ನ ಪಾಡಿಗೆ ತಾನು ಹಾದುಹೋಗುತ್ತದೆ.

ಇಂಥ ಪಿಯರ್ 1970ರಲ್ಲಿ ಬಿತ್ತು. ಎಷ್ಟು ಭಾರ ತಡೆಯುತ್ತದೆ ನೋಡೋಣ ಅಂತ ನೀರು ತುಂಬಿದ ತೊಟ್ಟಿಗಳನ್ನು ಇಟ್ಟಾಗ ಎರಡು ಅಂಕಣ (ಕಾಲಿಂದ ಕಾಲಿಗೆ ಇರುವ ಭಾಗ) ಕುಸಿದವು. ಕೆಡವಿಬಿಡೋಣ ಅಂತ ಅರ್ಜಿಯೂ ಹೋಯಿತು. ಊರಿನವರು ಬಿಡಲಿಲ್ಲ. 1980ರಲ್ಲಿ ಬಹಿರಂಗ ವಿಚಾರಣೆ ನಡೆದು ಪಿಯರ್ ಉಳಿಯಿತು. ಆಮೇಲೆ ಅದನ್ನು ಬಿಚ್ಚಿ, ಹಡಗುಕಟ್ಟೆಗೆ ಸಾಗಿಸಿ, ಕೆಟ್ಟದ್ದನ್ನು ಸರಿಮಾಡಿ ಮತ್ತೆ ನಿಲ್ಲಿಸಿದರು. 1989ರಲ್ಲಿ ಬಾಗಿಲು ತೆರೆಯಿತು. ಬ್ರೈಟನ್‌ನ ವೆಸ್ಟ್ ಪಿಯರ್‌ಗೆ ಆ ಅದೃಷ್ಟ ಇರಲಿಲ್ಲ. 1975ರಲ್ಲಿ ಮುಚ್ಚಿದ್ದು ಹಾಗೇ ಉಳಿದು 2002ರಲ್ಲಿ ಕುಸಿಯಿತು, ಮರುವರ್ಷ ಬೆಂಕಿಯೂ ಬಿತ್ತು.

ಹಲಗೆಗಳ ಮೇಲೆ ನಡೆಯುವಾಗ ನನಗೆ ಬೇರೆ ಏನೂ ನೆನಪಾಗಲಿಲ್ಲ, ಮೈಸೂರಿನ ನಮ್ಮ ಲ್ಯಾನ್ಸ್‌ಡೌನ್ ಕಟ್ಟಡವೇ. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಬಿದ್ದು ನಾಲ್ಕು ಜನ ಸತ್ತರು. 2016ರಲ್ಲಿ ಮೈಸೂರಿನದೇ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಅಲ್ಲಿಂದ ಒಂದೇ ಜಗಳ: ಕೆಡವಬೇಕೋ, ದುರಸ್ತಿ ಮಾಡಬೇಕೋ.

ಕೆಡವಿ ಅನ್ನುವವರ ಭಯ ನನಗೆ ಅರ್ಥವಾಗುತ್ತದೆ. ಜೀವಕ್ಕಿಂತ ಗೋಡೆ ದೊಡ್ಡದಲ್ಲ. ಆದರೆ ಜೀವ ಉಳಿಸಲು ಕೆಡವುವುದೊಂದೇ ದಾರಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕಬ್ಬಿಣದ ಪಿಯರನ್ನೇ ಬಿಚ್ಚಿ ಮತ್ತೆ ಕಟ್ಟಿದ್ದಾರೆ. ನಮ್ಮದು ಇಟ್ಟಿಗೆ, ಗಾರೆ, ಮರದ ತೊಲೆ. ಇದನ್ನು ಬಲ್ಲ ಗಾರೆ ಕೆಲಸದವರು ನಮ್ಮಲ್ಲಿ ಇನ್ನೂ ಇದ್ದಾರೆ. ನೀರು ಸೋರುವ ಕಡೆ ಮೊದಲು ಮುಚ್ಚಿ, ಗಾರೆಗೆ ಗಾರೆಯನ್ನೇ ಹಾಕಿ. ಮುಂದುಗಡೆ ಬಣ್ಣ ಬಳಿದು ಸುಮ್ನೆ ದಿನ ತಳ್ಳುವುದು ಬೇಡ. ತಡ ಮಾಡಿದಷ್ಟೂ ಬೀಳುವುದು ಜಾಸ್ತಿ.

ನನ್ನ ಪಿಯುಸಿ ಪುಸ್ತಕಗಳನ್ನು ಅಪ್ಪ ಕೊಡಿಸಿದ್ದು ಅದೇ ಕಮಾನುಗಳ ಕೆಳಗೆ, ಹಳೇ ಪುಸ್ತಕದಂಗಡಿಯಲ್ಲಿ. ಸೈಕಲ್ಲಿಗೆ ಕಟ್ಟಿಕೊಂಡು ಮನೆಗೆ ತಂದಿದ್ದರು. ಕ್ಲೀವ್‌ಡನ್‌ನಲ್ಲಿ ಹಣ ಕೊಟ್ಟವರ ಹೆಸರುಗಳನ್ನು ಚಿಕ್ಕ ಹಿತ್ತಾಳೆ ಪಟ್ಟಿಗಳ ಮೇಲೆ ಕೆತ್ತಿಸಿದ್ದಾರೆ. ಲ್ಯಾನ್ಸ್‌ಡೌನ್ ದುರಸ್ತಿಗೂ ಹಾಗೊಂದು ಅವಕಾಶ ಸಿಗಲಿ. ಒಂದು ತೊಲೆಯ ಖರ್ಚು ನಾನು ಕೊಡುತ್ತೇನೆ. ಪಟ್ಟಿಯ ಮೇಲೆ ಅಪ್ಪನ ಹೆಸರಿರಲಿ.