ಉಷ್ಣದ ಮೇಲೆ ಎಫ್‌ಐಆರ್

ಕರ್ನಾಟಕದಲ್ಲಿ ಬಾಯಿಹುಣ್ಣಿಗೆ ಒಬ್ಬನೇ ಆರೋಪಿ: ಉಷ್ಣ. ಮುರಿದ ಹಲ್ಲು ನಾಲಿಗೆ ಕೆರೆದಿರಲಿ, ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಒಸಡಿಗೆ ಒತ್ತಿರಲಿ, ರಕ್ತದಲ್ಲಿ ಕಬ್ಬಿಣಾಂಶವೋ ಬಿ12 ಜೀವಸತ್ವವೋ ಇಳಿದಿರಲಿ, ತನಿಖೆ ಮುಗಿಯುವುದು ‘ಉಷ್ಣ ಆಗಿದೆ, ಎಳನೀರು ಕುಡಿ’ ಎಂಬಲ್ಲೇ.

ಸಾಮಾನ್ಯ ಹುಣ್ಣು 7ರಿಂದ 14 ದಿನಗಳಲ್ಲಿ ತಾನಾಗಿ ಮಾಯುತ್ತದೆ. ಇಷ್ಟು ವಿಧೇಯ ಕಾಯಿಲೆ ಸಿಕ್ಕರೆ ವಾಟ್ಸಾಪ್ ಪಂಡಿತರು ಬಿಡುತ್ತಾರೆಯೇ? ಐದನೇ ದಿನ ಸೀಬೆ ಎಲೆ ಅಗಿದವನಿಗೆ ಒಂಬತ್ತನೇ ದಿನ ಗುಣ, ಕೀರ್ತಿ ಸೀಬೆಗೆ. ಸುಮ್ಮನಿದ್ದವನಿಗೂ ಅದೇ ದಿನ ಗುಣ, ಆದರೆ ಸುಮ್ಮನಿರುವುದನ್ನು ಫಾರ್ವರ್ಡ್ ಮಾಡಲು ಬರುವುದಿಲ್ಲ.

ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ, ದಿನಕ್ಕೆ ಮೂರ್ನಾಲ್ಕು ಸಲ ಅರ್ಧ ನಿಮಿಷ ಮುಕ್ಕಳಿಸಿ ಉಗಿದರೆ ಸಾಕು. ಉರಿಗೆ ತುಪ್ಪವೋ ಜೇನೋ ಸವರಬಹುದು (ವರ್ಷ ತುಂಬದ ಕೂಸಿಗೆ ಜೇನು ಬೇಡವೇ ಬೇಡ). ಖಾರ, ಹುಳಿ, ಕೆರೆಯುವ ಚಕ್ಕುಲಿ ಕೆಲವು ದಿನ ದೂರ. ಪದೇಪದೇ ಹುಣ್ಣಾಗುವವರು ಸೋಡಿಯಂ ಲಾರಿಲ್ ಸಲ್ಫೇಟ್ ಎಂಬ ನೊರೆಕಾರಕ ಇಲ್ಲದ ಪೇಸ್ಟಿಗೆ ಬದಲಾಗಿ ನೋಡಲಿ, ರಕ್ತವನ್ನೂ ಪರೀಕ್ಷಿಸಿಕೊಳ್ಳಲಿ. ಇಂಥ ಸಪ್ಪೆ ಮಾತಿಗೆ ಲೈಕ್ ಎಲ್ಲಿಂದ ಬರಬೇಕು? ಅದಕ್ಕೇ ‘ಬೆಳ್ಳುಳ್ಳಿ ಜಜ್ಜಿ ಒತ್ತಿ ಹಿಡಿಯಿರಿ’, ‘ಬಿಳಿಗಾರ (ಬೋರಾಕ್ಸ್) ಹಚ್ಚಿರಿ’. ಹಸಿ ಬೆಳ್ಳುಳ್ಳಿ ಬಾಯಿಯ ಎಳೆ ಚರ್ಮ ಸುಟ್ಟು ಹುಣ್ಣನ್ನು ಅಗಲಿಸುತ್ತದೆ. ಬಿಳಿಗಾರ ಹೊಟ್ಟೆಗಿಳಿದರೆ ವಿಷ, ಕೂಸುಗಳಿಗಂತೂ ಪ್ರಾಣಾಪಾಯ.

ಇನ್ನು ಸರ್ಕಾರದ ಪವಾಡ. 2013ರಲ್ಲಿ ರಾಜ್ಯ ಗುಟ್ಕಾ ನಿಷೇಧಿಸಿತು. ಗೂಡಂಗಡಿಯಲ್ಲಿ ಪಾನ್ ಮಸಾಲಾ ಒಂದು ಸರವಾಯಿತು, ತಂಬಾಕು ಪಕ್ಕದ ಸರವಾಯಿತು. ಕಾನೂನಿನ ಕಣ್ಣಲ್ಲಿ ಇಬ್ಬರಿಗೂ ಪರಿಚಯವೇ ಇಲ್ಲ. ಮದುವೆ ಗಿರಾಕಿಯ ಅಂಗೈಯಲ್ಲಿ. ತಂಬಾಕು ಪೊಟ್ಟಣದ ಶೇ 85 ಭಾಗ ಎಚ್ಚರಿಕೆಗೇ ಮೀಸಲು. ಅದನ್ನು ಹಲ್ಲಲ್ಲೇ ಹರಿದು ಸುರಿದುಕೊಂಡ ಮಹಾಶಯ ಮೆಡಿಕಲ್ಸ್‌ಗೆ ಬಂದು, ‘ಸಾರು ತಿಂದ್ರೆ ಬಾಯಿ ಉರಿಯುತ್ತೆ, ಉಷ್ಣ ಇರ್ಬೇಕು, ಬಿ ಕಾಂಪ್ಲೆಕ್ಸ್ ಕೊಡಿ’ ಎನ್ನುತ್ತಾನೆ.

ಆ ಉರಿ ಅಡಿಕೆಯದು. ತಂಬಾಕಿಲ್ಲದ ‘ಸಾದಾ’ ಪಾನ್ ಮಸಾಲಾವೂ ಕೆನ್ನೆಯ ಒಳಪದರವನ್ನು ನಾರುಗಟ್ಟಿಸುತ್ತದೆ: ಮೊದಲು ಖಾರ ತಡೆಯದು, ಆಮೇಲೆ ಕೆನ್ನೆ ಬಿಳಿಚಿ ಬಿಗಿಯುತ್ತದೆ, ಕೊನೆಗೆ ಬಾಯಿಯೇ ತೆರೆಯದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಸಾಲಿಗೆ, ಸೇರಿಸಿದೆ. ನಮ್ಮ ಶಾಸಕರಿಗೂ ಗೊತ್ತು. ಆದರೆ ಅಡಿಕೆಗೆ ಮತದಾರರಿದ್ದಾರೆ, ಉಷ್ಣಕ್ಕೆ ಒಬ್ಬನೂ ಇಲ್ಲ.

ಅನುಮಾನವಿದ್ದವರು ತಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ, ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವೆ ತೂರಿಸಿ ನೋಡಲಿ. ಮೂರೂ ಬೆರಳು ಒಳಗೆ ಹೋಗದಿದ್ದರೆ, ಅಥವಾ ಹುಣ್ಣು ಎರಡು ವಾರ ದಾಟಿಯೂ ಮಾಯದಿದ್ದರೆ (ನೋವಿಲ್ಲದೆ, ಅಂಚು ಗಟ್ಟಿಯಾಗಿದ್ದರಂತೂ ಅದೇ ದಿನ) ದಂತವೈದ್ಯರಲ್ಲಿಗೆ ಹೊರಡಿ. ಎಳನೀರು ದಾರಿಯಲ್ಲಿ ಕುಡಿಯಬಹುದು.